‘ಮೇಲಿಂದ ಬಂದಿದೆ’: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನಮ್ಮ ಆಸ್ಪತ್ರೆಯ ಐಸಿಯು ಪಕ್ಕದ ಡ್ಯೂಟಿ ರೂಮಿನ ಗೋಡೆಯ ಮೇಲೆ ಒಂದು ಹಳೆಯ ಹಾಳೆ ಇದೆ. 2021ರ ಮೇ ತಿಂಗಳ ಡ್ಯೂಟಿ ಲಿಸ್ಟ್. ನೀಲಿ ಪೆನ್ನಿನಲ್ಲಿ ಗೆರೆ ಎಳೆದು ಕೈಯಲ್ಲೇ ಬರೆದದ್ದು. ಟೇಪು ಹಳದಿಯಾಗಿ ಒಂದು ಮೂಲೆ ಬಿಟ್ಟುಕೊಂಡಿದೆ. ಅದರಲ್ಲಿ ಹೆಸರಿರುವ ಅರ್ಧಕ್ಕರ್ಧ ಜನ ಈಗ ಇಲ್ಲಿಲ್ಲ. ಆದರೂ ಯಾರೂ ಅದನ್ನು ಕಿತ್ತಿಲ್ಲ. ಹಾಳೆಯ ಕೊನೆಗೆ ಒಂದು ಸಾಲಿದೆ: ‘ಆಗ್ತಾ ಇಲ್ಲ ಅನ್ನಿಸಿದವರು ನನಗೆ ಫೋನ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಸರಿ.’ ಕೆಳಗೆ ಒಂದು ಮೊಬೈಲ್ ನಂಬರ್.

ಈ ಪತ್ರ ಆ ಸಾಲಿನ ಬಗ್ಗೆ.

ನಾನು ಸರ್ಕಾರಿ ಸೇವೆಯಲ್ಲಿರುವ ಅರಿವಳಿಕೆ ತಜ್ಞೆ. ಆಪರೇಷನ್‌ಗೆ ಮುಂಚೆ ಪ್ರಜ್ಞೆ ತಪ್ಪಿಸುವ ಡಾಕ್ಟರು ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಕೋವಿಡ್ ಬಂದಾಗ ಆಪರೇಷನ್‌ಗಳು ನಿಂತವು, ನಾವು ವೆಂಟಿಲೇಟರ್‌ಗಳ ಪಕ್ಕಕ್ಕೆ ಹೋದೆವು. ಮೊದಲ ಅಲೆಯಲ್ಲಿ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಎರಡನೇ ಅಲೆಯ ಹೊತ್ತಿಗೆ ಜಿಲ್ಲಾ ಆಸ್ಪತ್ರೆಗೆ ಹಾಕಿದ್ದರು. ರೋಗ ಅದೇ, ಕೆಲಸವೂ ಹೆಚ್ಚು ಕಡಿಮೆ ಅದೇ. ಹೆದರಿಕೆ, ಸಾವು, ನಿದ್ದೆಗೇಡು ಎಲ್ಲವೂ ಎರಡನೇ ಸಲವೇ ಜಾಸ್ತಿ. ಆದರೆ ನಾನು ಒಳಗಿಂದ ಖಾಲಿಯಾದದ್ದು ಮೊದಲನೇ ಕಡೆ. ಇದು ಯಾಕೆ ಹೀಗಾಯಿತು ಅಂತ ಅವತ್ತಿನಿಂದ ಯೋಚಿಸುತ್ತಲೇ ಇದ್ದೇನೆ.

ಊರು, ಆಸ್ಪತ್ರೆ, ಹೆಸರು ಯಾವುದನ್ನೂ ಬರೆಯುವುದಿಲ್ಲ. ಬರೆದರೆ ನೋಟಿಸ್ ಬರುವುದು ನನಗೊಬ್ಬಳಿಗೇ ಅಲ್ಲ.

ಈಗ ಯಾಕೆ ಬರೆಯುತ್ತಿದ್ದೀನಿ ಅಂದರೆ, ಹೋದ ತಿಂಗಳು ನಮ್ಮ ವಾರ್ಡಿನ ಒಬ್ಬ ಹುಡುಗ ಡಾಕ್ಟರು ರಾಜೀನಾಮೆ ಕೊಟ್ಟರು. ಒಳ್ಳೆಯ ಕೈ. ರಾತ್ರಿ ಮೂರು ಗಂಟೆಗೂ ಮುಖ ಗಂಟಿಕ್ಕದೆ ಎದ್ದು ಬರುತ್ತಿದ್ದರು. ಯಾಕಪ್ಪಾ ಅಂತ ಕೇಳಿದೆ. ‘ಪೇಶೆಂಟ್ ಸಾಕು ಅನ್ನಿಸಿಲ್ಲ ಮೇಡಂ. ಬೈಸಿಕೊಂಡಿದ್ದು ಸಾಕಾಯ್ತು’ ಅಂದರು. ಈಗ ಯಾವ ಅಲೆಯೂ ಇಲ್ಲ. ಡೆಂಗಿ ಜಾಸ್ತಿಯಾದ ಒಂದು ತಿಂಗಳು, ಅಷ್ಟೇ. ಅಷ್ಟಕ್ಕೇ ಒಬ್ಬ ಡಾಕ್ಟರನ್ನು ಕಳೆದುಕೊಂಡೆವು.

ಈ ಖಾಲಿಯಾಗುವುದಕ್ಕೆ ಇಂಗ್ಲಿಷಿನಲ್ಲಿ ಬರ್ನ್‌ಔಟ್ ಅಂತ ಹೆಸರಿದೆ. ಪದ ಹೊಸದೇನಲ್ಲ. 1974ರಲ್ಲಿ ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದರ ಬಗ್ಗೆ ಬರೆದರು. ಒಂದು ಉಚಿತ ಚಿಕಿತ್ಸಾಲಯದಲ್ಲಿ ಉತ್ಸಾಹದಿಂದ ಕೆಲಸಕ್ಕೆ ಬಂದವರು ತಿಂಗಳುಗಳಲ್ಲಿ ಹೇಗೆ ಬತ್ತಿಹೋಗುತ್ತಾರೆ ಅಂತ ಅವರು ಕಣ್ಣಾರೆ ನೋಡಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಸೇರಿಸಿತು. ಆದರೆ ರೋಗ ಅಂತ ಅಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತ. ಈ ಒಂದು ಮಾತನ್ನು ದಯವಿಟ್ಟು ಗಮನಿಸಿ. ನಮ್ಮ ಮೈಯಲ್ಲೋ ಮನಸ್ಸಿನಲ್ಲೋ ಇರುವ ದೋಷ ಅಂತ ಅಲ್ಲಿ ಬರೆದಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟದ್ದರಿಂದ ಆಗುವುದು ಅಂತ ಬರೆದಿದೆ. ಲಕ್ಷಣ ಮೂರು. ಸುಸ್ತು. ಕೆಲಸದ ಬಗ್ಗೆ ಒಂದು ಥರಾ ತಾತ್ಸಾರ. ಮತ್ತೆ, ನನ್ನ ಕೈಲಿ ಏನೂ ಆಗಲ್ಲ ಅನ್ನುವ ಭಾವನೆ.

ನಮ್ಮಮ್ಮನಿಗೆ ಇದನ್ನು ವಿವರಿಸಲು ಹೋದೆ. ‘ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯುತ್ತಲ್ಲ, ಹಾಗಾ?’ ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಂದಿಲ್ಲ.

ಮೊದಲ ಅಲೆಯ ಮಾತಿಗೆ ಬರುತ್ತೇನೆ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ವೃದ್ಧರೊಬ್ಬರದು, 2020ರ ಮಾರ್ಚ್ 10. ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಗೂ ಸೋಂಕು ತಗುಲಿತು. ಆ ಸುದ್ದಿ ಬಂದ ದಿನ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಪಿಪಿಇ ಕಿಟ್ ಒಂದೂ ಇರಲಿಲ್ಲ. ಹೆರಿಗೆಗೆ ಇಟ್ಟಿದ್ದ ಎಚ್‌ಐವಿ ಕಿಟ್‌ಗಳನ್ನೇ ಹಾಕಿಕೊಂಡೆವು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಇಡೀ ದೇಶದಲ್ಲೇ ಕೊರತೆ ಇತ್ತು.

ನಮ್ಮ ಆಡಳಿತ ವೈದ್ಯಾಧಿಕಾರಿ ಇದ್ದರಲ್ಲ, ಅವರನ್ನು ಸರ್ ಅಂತಲೇ ಕರೆಯುತ್ತೇನೆ. ತುಂಬಾ ಒಳ್ಳೆಯ ಮನುಷ್ಯ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಯುಗಾದಿಗೆ ಮನೆಯಿಂದ ಹೋಳಿಗೆ ತರಿಸಿ ಡಿ ಗ್ರೂಪ್‌ನವರಿಗೂ ಹಂಚಿದವರು. ಯಾರಿಗೂ ಒಂದು ದಿನ ಏರಿದ ದನಿಯಲ್ಲಿ ಮಾತಾಡಲಿಲ್ಲ. ಆದರೆ ಮೇಲಿಂದ ಬಂದದ್ದೆಲ್ಲ ಅವರ ಮೂಲಕ ಹಾಗೇ ಸೀದಾ ಕೆಳಗೆ ಇಳಿಯುತ್ತಿತ್ತು. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಆದೇಶ. ಹನ್ನೊಂದೂವರೆಗೆ ಅದಕ್ಕೆ ತಿದ್ದುಪಡಿ. ಬೆಳಿಗ್ಗೆ ಆರಕ್ಕೆ ಅದು ರದ್ದು, ಇದು ಜಾರಿ. ಪ್ರತಿಯೊಂದರ ಕೆಳಗೂ ‘ತಕ್ಷಣ ಪಾಲಿಸಿ’. ಯಾವುದು ನಮ್ಮ ಆಸ್ಪತ್ರೆಗೆ ಅನ್ವಯ, ಯಾವುದನ್ನು ಯಾರು ಮಾಡಬೇಕು ಅಂತ ಯಾರೂ ಹೇಳುತ್ತಿರಲಿಲ್ಲ. ಕೇಳಿದರೆ ಪಾಪ, ಕೈ ಚೆಲ್ಲಿ ನಗುತ್ತಿದ್ದರು. ‘ನಾನೇನ್ ಮಾಡ್ಲಿ, ಮೇಲಿಂದ ಬಂದಿದೆ.’

ಮೇಲಿಂದ ಬಂದಿದೆ. ಆ ವರ್ಷ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು.

ಜುಲೈ ಹೊತ್ತಿಗೆ ಆ್ಯಂಟಿಜೆನ್ ಪರೀಕ್ಷೆಯ ಟಾರ್ಗೆಟ್ ಬಂತು. ದಿನಕ್ಕೆ ಇಷ್ಟು ಆಗಲೇಬೇಕು. ಒಬ್ಬ ಗುತ್ತಿಗೆ ವೈದ್ಯೆ ಹಳ್ಳಿಗಳಿಗೆ ಹೋಗಿ ಬರುತ್ತಿದ್ದಳು. ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಊರಲ್ಲಿ ನಾಯಿ ಬಿಟ್ಟರು. ಒಂದು ವಾರ ಟಾರ್ಗೆಟ್ ಆಗಲಿಲ್ಲ. ಅವಳಿಗೆ ಕಾರಣ ಕೇಳಿ ನೋಟಿಸ್ ಬಂತು. ಸಹಿ ನಮ್ಮ ಸರ್‌ದು. ಅವರಿಗೇ ಬೇಜಾರಾಗಿತ್ತು, ಟೀ ತರಿಸಿ ಕೂರಿಸಿಕೊಂಡು ಸಮಾಧಾನ ಮಾಡಿದರು. ಸಮಾಧಾನ ಮಾಡಿದ ಕೈಯಲ್ಲೇ ನೋಟಿಸ್ ಕೊಟ್ಟರು. ಅವಳು ಆ ಟೀ ಕುಡಿಯಲಿಲ್ಲ.

ಅದೇ ಆಗಸ್ಟ್ 20ರಂದು ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ತೀರಿಕೊಂಡರು. ಆತ್ಮಹತ್ಯೆ. ಪರೀಕ್ಷೆಯ ಟಾರ್ಗೆಟ್ ಹೆಸರಲ್ಲಿ ಮೇಲಧಿಕಾರಿಗಳು ಹಾಕಿದ ಒತ್ತಡವೇ ಕಾರಣ ಎಂದು ಮನೆಯವರೂ ಸಹೋದ್ಯೋಗಿಗಳೂ ದೂರಿದರು. ಮೈಸೂರು ಜಿಲ್ಲೆಯ ಸರ್ಕಾರಿ ವೈದ್ಯರು ಬೀದಿಗಿಳಿದರು. ಸರ್ಕಾರ ತನಿಖೆಗೆ ಆದೇಶಿಸಿತು, ಕುಟುಂಬಕ್ಕೆ ಪರಿಹಾರ ಘೋಷಿಸಿತು. ಒಂದು ಸಾವಿಗೆ ಒಂದೇ ಕಾರಣ ಅಂತ ಯಾರೂ ಬೆರಳು ಮಾಡಿ ಹೇಳಲು ಆಗುವುದಿಲ್ಲ, ಅದು ನನಗೂ ಗೊತ್ತು. ಅವರನ್ನು ನಾನು ನೋಡಿದವಳೂ ಅಲ್ಲ. ಆದರೆ ಅವತ್ತು ನಮ್ಮ ಗ್ರೂಪಿನಲ್ಲಿ ಯಾರೂ ‘ಹೀಗೂ ಆಗುತ್ತಾ’ ಅಂತ ಆಶ್ಚರ್ಯ ಪಡಲಿಲ್ಲ. ಸುಮ್ಮನಿದ್ದೆವು. ನನಗೆ ಇವತ್ತಿಗೂ ಭಯ ಹುಟ್ಟಿಸುವುದು ಆ ಸುಮ್ಮನಿದ್ದದ್ದು.

ನನ್ನ ಬತ್ತಿ ಉರಿದದ್ದು ಅಕ್ಟೋಬರಿನಲ್ಲಿ. ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಅಂಕಿ ಅಂಶ ಕೊಡುತ್ತಿದ್ದೆ. ‘6ನೇ ಬೆಡ್ ಹೋಯ್ತು, ಒಂದು ಖಾಲಿ’ ಅಂದೆ. ಹಿಂದಿನಿಂದ ಒಬ್ಬ ಹೆಂಗಸು ಮೆಲ್ಲಗೆ ಕೇಳಿದಳು: ‘ಆರ್ನೇ ಬೆಡ್ ಅಂದ್ರೆ ನಮ್ ಹುಡ್ಗ ಅಲ್ವಾ ತಾಯಿ?’

ಆ ಹುಡುಗನ ಹೆಸರು ನನಗೆ ನೆನಪಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಹೇಳಿಬಿಡುತ್ತೇನೆ. ನೆನಪಿಲ್ಲ ಅಂತ ನನಗೆ ಅವತ್ತು ಬೇಸರವೂ ಆಗಲಿಲ್ಲ. ಕೇಸ್ ಶೀಟ್ ನೋಡಿ ಹೆಸರು ಹೇಳಿ ಸಹಿ ಹಾಕಿಸಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ ತಾತ್ಸಾರ ಅಂತ ಬರೆದಿದೆಯಲ್ಲ, ಆಸ್ಪತ್ರೆಯಲ್ಲಿ ಅದು ಹೀಗಿರುತ್ತೆ.

ಇನ್ನು ಎರಡನೇ ಅಲೆ. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಕೇಸ್. ಅದಕ್ಕೆ ಎರಡು ದಿನ ಮುಂಚೆ ಚಾಮರಾಜನಗರದ ಸುದ್ದಿ. ಮೇ 2ರ ರಾತ್ರಿಯಿಂದ 3ರ ಬೆಳಗಿನ ನಡುವೆ, ಆಕ್ಸಿಜನ್ ಕೊರತೆಯ ನಡುವೆ, 24 ರೋಗಿಗಳು ಸತ್ತರು ಅಂತ. ಆ ದಿನ ರಾಜ್ಯದ ಪ್ರತಿ ಐಸಿಯುವಿನಲ್ಲೂ ಡಾಕ್ಟರು ಸಿಲಿಂಡರ್ ಎಣಿಸಿರುತ್ತಾರೆ. ನಾವೂ ಎಣಿಸಿದೆವು. ಲೆಕ್ಕ ಸುಲಭ. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್. ಹೈ ಫ್ಲೋ ಯಂತ್ರದಲ್ಲಿರುವ ಒಬ್ಬ ರೋಗಿ ನಿಮಿಷಕ್ಕೆ 60 ಲೀಟರ್ ಎಳೆದರೆ ಎರಡು ಗಂಟೆಯೂ ಬರುವುದಿಲ್ಲ. ಅಂಥವರು ನಮ್ಮಲ್ಲಿ ಹನ್ನೊಂದು ಜನ ಇದ್ದರು.

ಆ ರಾತ್ರಿ ಎರಡು ಗಂಟೆಗೆ ನಮ್ಮ ಆಸ್ಪತ್ರೆಯ ಮುಖ್ಯಸ್ಥೆ ಐಸಿಯುಗೆ ಬಂದರು. ಮೇಡಂ ಅನ್ನೋಣ. ಕಿಟ್ ಹಾಕಿಕೊಂಡೇ ಬಂದಿದ್ದರು. ಒಳಗೊಂದು ವೈಟ್ ಬೋರ್ಡ್ ತರಿಸಿ ಟ್ಯಾಂಕಿನಲ್ಲಿ ಎಷ್ಟಿದೆ, ಸಿಲಿಂಡರ್ ಎಷ್ಟಿವೆ, ಲಾರಿ ಎಲ್ಲಿದೆ ಅಂತ ಅವರೇ ಬರೆದರು. ‘ಬೆಳಿಗ್ಗೆ ಆರರ ತನಕ ಇದೆ. ಲಾರಿ ನಾಲ್ಕೂವರೆಗೆ ಬರುತ್ತೆ ಅಂದಿದಾರೆ. ಬರ್ಲಿಲ್ಲ ಅಂದ್ರೆ ಐದು ಗಂಟೆಗೆ ಏನ್ ಮಾಡ್ಬೇಕು ಅಂತ ಈಗ್ಲೇ ಕೂತು ಬರೆಯೋಣ’ ಅಂದರು. ಇನ್ನು ಮೇಲೆ ಎರಡು ಗಂಟೆಗೊಮ್ಮೆ ಬೋರ್ಡ್ ಬದಲಾಯಿಸಲು ಫಾರ್ಮಸಿಯ ಒಬ್ಬರನ್ನು ನೇಮಿಸಿದರು. ಆಕ್ಸಿಜನ್ ಬಗ್ಗೆ ಫೋನ್ ಮಾಡುವ ಕೆಲಸ ಡಾಕ್ಟರದ್ದಲ್ಲ, ಸಿಸ್ಟರ್‌ಗಳದ್ದಲ್ಲ ಅಂತ ಹೇಳಿಬಿಟ್ಟರು.

ಪರಿಸ್ಥಿತಿ ಒಂದು ಚೂರೂ ಸುಧಾರಿಸಿರಲಿಲ್ಲ. ಆದರೂ ನಾನು ಅವತ್ತು ಮೊದಲ ಸಲ ಕೂತು ಒಂದು ಬಿಸ್ಕತ್ತು ತಿಂದೆ. ಸತ್ಯ ಗೊತ್ತಿದ್ದರೆ ಕೆಟ್ಟ ಸುದ್ದಿಯನ್ನೂ ಹೊರಬಹುದು. ಹೊರಲಾಗದ್ದು ಗೊತ್ತಿಲ್ಲದೇ ಇರುವುದನ್ನು. ಲಾರಿ ಐದೂಕಾಲಿಗೆ ಬಂತು.

ಮೇಡಂ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು, ಆದರೆ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಐಸಿಯುವಿನಲ್ಲಿ ಒಂದು ಬೆಡ್ ಖಾಲಿ, ಹೊರಗೆ ನಾಲ್ಕು ಜನ ಕಾಯುತ್ತಿದ್ದಾರೆ. ಯಾರಿಗೆ? ಮೊದಲ ವಾರ ಇದನ್ನು ತೀರ್ಮಾನಿಸುತ್ತಿದ್ದುದು ರಾತ್ರಿ ಡ್ಯೂಟಿಯ ಅತ್ಯಂತ ಚಿಕ್ಕ ಡಾಕ್ಟರು. ಇಪ್ಪತ್ತಾರು ವರ್ಷದ ಹುಡುಗಿ. ಒಬ್ಬಳೇ. ಮೇಡಂ ಅದನ್ನು ನಿಲ್ಲಿಸಿದರು. ಮೂರು ಜನ ಹಿರಿಯರ ಒಂದು ತಂಡ ಮಾಡಿ, ಯಾವ ಆಧಾರದ ಮೇಲೆ ಬೆಡ್ ಕೊಡಬೇಕು ಅಂತ ಒಂದು ಪುಟದಲ್ಲಿ ಬರೆಸಿ, ಎಲ್ಲದಕ್ಕಿಂತ ಮೇಲೆ ತಾವೇ ಸಹಿ ಹಾಕಿದರು. ‘ನಾಳೆ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ.’ ಬೆಡ್ ಇಲ್ಲ ಅಂತ ಮನೆಯವರಿಗೆ ಹೇಳಲು ದಿನಕ್ಕೆ ಎರಡು ಸಲ ತಾವೇ ಗೇಟಿನ ಹತ್ತಿರ ಹೋಗುತ್ತಿದ್ದರು. ಬೈಸಿಕೊಂಡು ಬರುತ್ತಿದ್ದರು. ಒಮ್ಮೆ ಯಾರೋ ಚಪ್ಪಲಿ ಎಸೆದರು. ಆ ಚಪ್ಪಲಿ ನಮ್ಮ ಹುಡುಗಿಯ ಮೇಲೆ ಬೀಳಬೇಕಿತ್ತು, ಅಲ್ವಾ?

ಒಂದು ದಿನ ಎಂಟು ತಿಂಗಳ ಗರ್ಭಿಣಿಯೊಬ್ಬಳು ನನ್ನ ಕೈಯಲ್ಲಿ ಹೋದಳು. ಮೇಡಂ ಬಂದು ಮಾನಿಟರ್ ಆಫ್ ಮಾಡಿ ‘ನೀನು ಮನೆಗೆ ಹೋಗು. ಅವರ ಮನೆಯವರ ಹತ್ರ ನಾನು ಮಾತಾಡ್ತೀನಿ’ ಅಂದರು. ಶಿಫ್ಟ್ ಮುಗಿಯಲು ಇನ್ನೂ ನಾಲ್ಕು ಗಂಟೆ ಇತ್ತು. ಹೋದೆ. ಅತ್ತೆ. ಮಾರನೇ ದಿನ ಎಂಟಕ್ಕೆ ಬರಬೇಕಿದ್ದವಳು ಏಳಕ್ಕೇ ಬಂದೆ, ಯಾರೂ ಕರೆದಿರಲಿಲ್ಲ. ಆ ಹೆಣ್ಣುಮಗಳ ಹೆಸರು ನನಗೆ ಇವತ್ತಿಗೂ ಗೊತ್ತು.

ಹಾಗಂತ ಮೇಡಂ ದೇವತೆ ಏನಲ್ಲ. ವಿಪರೀತ ಸಿಟ್ಟು. ಸರ್ ಒಂದು ದಿನವೂ ದನಿ ಏರಿಸಲಿಲ್ಲ, ಇವರು ದನಿ ಇಳಿಸಿದ್ದೇ ಅಪರೂಪ. ನಮ್ಮ ರಿಸ್ಕ್ ಭತ್ಯೆಯ ಬಿಲ್ಲುಗಳನ್ನು ಟೇಬಲ್ ಮೇಲೆ ಮರೆತು ಕೂತಿದ್ದರು, ಹಣ ಬಂದದ್ದು ಒಂಬತ್ತು ತಿಂಗಳ ಮೇಲೆ. ಅದಕ್ಕೆ ನಾನು ಅವರ ಜೊತೆ ಜಗಳವನ್ನೂ ಆಡಿದ್ದೇನೆ. ಅದನ್ನು ಇಲ್ಲಿ ಬರೆಯಲು ಕಾರಣವಿದೆ. ಬೆಂಬಲ ಕೊಡುವ ನಾಯಕತ್ವ ಅಂದ ತಕ್ಷಣ ನಮಗೆ ನಗುಮುಖ, ಸಿಹಿ ಮಾತು, ಹೆಗಲ ಮೇಲೆ ಕೈ ಇದೆಲ್ಲ ಕಣ್ಣಿಗೆ ಬರುತ್ತದೆ. ಆ ಲೆಕ್ಕದಲ್ಲಿ ಗೆಲ್ಲುವವರು ನಮ್ಮ ಸರ್. ಆದರೆ ಅವರ ಕೆಳಗೆ ನಾವು ಬತ್ತಿದೆವು. ಮೇಡಂ ಮೇಲಿಂದ ಬಂದದ್ದನ್ನು ತಮ್ಮ ಮೇಜಿನ ಮೇಲೆ ತಡೆದರು. ನಮಗೆ ಬೇಕಾದಷ್ಟನ್ನೇ, ಅರ್ಥವಾಗುವ ಹಾಗೆ, ಕೆಳಗೆ ಬಿಟ್ಟರು. ವೀಡಿಯೊ ಕಾನ್ಫರೆನ್ಸಿನಲ್ಲಿ ‘ಆಗಲ್ಲ ಸರ್, ನನ್ನ ಹತ್ರ ಅಷ್ಟು ಜನ ಇಲ್ಲ’ ಅಂತ ಅವರು ಹೇಳಿದ್ದು, ಅದಕ್ಕೆ ಬೈಸಿಕೊಂಡದ್ದು ಬಾಗಿಲ ಆಚೆಗೆ ನಮಗೆ ಕೇಳಿಸುತ್ತಿತ್ತು. ಹೊರಗೆ ಬಂದು ಆ ಸಿಟ್ಟನ್ನು ಕುರ್ಚಿ ಮೇಲೆ, ಫೈಲ್ ಮೇಲೆ, ಕೆಲವೊಮ್ಮೆ ನಮ್ಮ ಮೇಲೂ ತೀರಿಸಿಕೊಳ್ಳುತ್ತಿದ್ದರು. ಆದರೆ ಆ ಇಡೀ ಅಲೆಯಲ್ಲಿ ನಮ್ಮಲ್ಲಿ ಒಬ್ಬರಿಗೂ ನೋಟಿಸ್ ಕೊಡಲಿಲ್ಲ. ನಾವು ಒಬ್ಬರೂ ಕೆಲಸ ಬಿಡಲಿಲ್ಲ.

ಇದು ನನ್ನೊಬ್ಬಳ ಅನುಭವ, ಇದರಿಂದ ಇಲಾಖೆ ಏನು ಕಲಿಯಬೇಕು ಅಂತ ನೀವು ಕೇಳಬಹುದು. ಸರಿಯೇ. ಆಮೇಲೆ ನಾನು ಓದಲು ಶುರು ಮಾಡಿದೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ತಮ್ಮಲ್ಲೇ ಕೆಲಸ ಮಾಡುವ 2,800ಕ್ಕೂ ಹೆಚ್ಚು ವೈದ್ಯರು ಮತ್ತು ವಿಜ್ಞಾನಿಗಳಿಗೆ ಅವರ ನೇರ ಮೇಲಧಿಕಾರಿಯ ಬಗ್ಗೆ ಕೆಲವು ಪ್ರಶ್ನೆ ಕೇಳಿದರು. ನನ್ನನ್ನು ಗೌರವದಿಂದ ನಡೆಸಿಕೊಳ್ಳುತ್ತಾರಾ? ನನ್ನ ಅಭಿಪ್ರಾಯ ಕೇಳುತ್ತಾರಾ? ಏನು ಬದಲಾಗುತ್ತಿದೆ ಅಂತ ತಿಳಿಸುತ್ತಾರಾ? ಒಳ್ಳೆಯ ಕೆಲಸ ಮಾಡಿದರೆ ಗುರುತಿಸುತ್ತಾರಾ? ಇಂಥ ಸಾದಾ ಪ್ರಶ್ನೆಗಳು. ಉತ್ತರಗಳಿಗೆ ಅಂಕ ಕೊಟ್ಟು ಕೂಡಿದರು. ಮೇಲಧಿಕಾರಿಗೆ ಸಿಕ್ಕ ಅಂಕ ಒಂದೊಂದು ಹೆಚ್ಚಿದ ಹಾಗೆ ಕೆಳಗಿನವರಲ್ಲಿ ಬರ್ನ್‌ಔಟ್ ಆಗುವ ಸಂಭವ ಶೇ 3.3ರಷ್ಟು ಕಡಿಮೆ, ಕೆಲಸದಲ್ಲಿ ತೃಪ್ತಿಯ ಸಂಭವ ಶೇ 9ರಷ್ಟು ಜಾಸ್ತಿ ಇತ್ತು. ಒಂದೇ ಒಂದು ಅಂಕಕ್ಕೆ.

ಇದರಲ್ಲಿ ಒಂದು ಎಚ್ಚರಿಕೆಯೂ ಬೇಕು. ಬಳಲಿದವರಿಗೆ ಮೇಲಧಿಕಾರಿ ಹೇಗಿದ್ದರೂ ಕೆಟ್ಟವರಾಗಿ ಕಾಣಬಹುದು. ಅಲ್ಲಿನ ಆಸ್ಪತ್ರೆಗೂ ನಮ್ಮದಕ್ಕೂ ಅಜಗಜಾಂತರ ಬೇರೆ. ಆದರೂ ಆ ಪ್ರಶ್ನೆಗಳಿಗೆ ನಾನು ಸುಮ್ನೆ ಕೂತು ಎರಡು ಸಲ ಉತ್ತರ ಬರೆದೆ, ಒಮ್ಮೆ ಸರ್‌ಗೆ, ಒಮ್ಮೆ ಮೇಡಂಗೆ. ವ್ಯತ್ಯಾಸ ನೋಡಿ ನನಗೇ ನಗು ಬಂತು.

ಇನ್ನೊಂದು, ಕೋವಿಡ್ ಕಾಲದ್ದೇ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಮೂವರು ವೈದ್ಯರು ಬರೆದ ಲೇಖನ. ಅಲ್ಲಿ ಸೋಂಕು ಹರಡಿದ ಮೊದಲ ವಾರದಲ್ಲೇ 69 ಜನ ಡಾಕ್ಟರು, ನರ್ಸ್‌ಗಳನ್ನು ಎಂಟು ಗುಂಪುಗಳಲ್ಲಿ ಕೂರಿಸಿ, ನಿಮಗೆ ಯಾವುದರ ಹೆದರಿಕೆ, ನಿಮ್ಮ ಮುಖ್ಯಸ್ಥರಿಂದ ಏನು ಬೇಕು ಅಂತ ಕೇಳಿದರು. ಬಂದ ಉತ್ತರಗಳ ಸಾರ ಐದು ಮಾತು. ನಮ್ಮ ಮಾತು ಕೇಳಿ. ನಮ್ಮನ್ನು ಕಾಪಾಡಿ. ನಮ್ಮನ್ನು ತಯಾರು ಮಾಡಿ. ನಮಗೆ ಆಸರೆಯಾಗಿ. ನಮಗೇನಾದರೂ ಆದರೆ ನೋಡಿಕೊಳ್ಳಿ. ಎಲ್ಲೋ ದೂರದ ದೇಶದವರು. ಆದರೆ ನಮ್ಮ ಡ್ಯೂಟಿ ರೂಮಿನಲ್ಲಿ ಆಡಿಕೊಳ್ಳುತ್ತಿದ್ದದ್ದೂ ಇದೇ ಐದು.

ಆ ಹೊತ್ತಿನಲ್ಲಿ ನಮಗೆ ಸಿಕ್ಕದ್ದು ಏನು? ಮಾರ್ಚ್ 22ರ ಚಪ್ಪಾಳೆ. ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂವಿನ ಮಳೆ. ಚಪ್ಪಾಳೆ ತಟ್ಟಿದ ಜನರ ಮೇಲೆ ನನಗೆ ಪ್ರೀತಿಯೇ ಇದೆ, ನಮ್ಮ ಬೀದಿಯವರೂ ತಟ್ಟಿದ್ದರು. ಆದರೆ ಅದೇ ವರ್ಷ ಜುಲೈ ಹೊತ್ತಿಗೆ ದಾವಣಗೆರೆಯಲ್ಲಿ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು (ಪಿಜಿಗಳು), ಇಂಟರ್ನ್‌ಗಳು ಬಾಕಿ ಸ್ಟೈಪೆಂಡ್‌ಗಾಗಿ ಧರಣಿ ಕೂತರು. ಅದೇ ಜುಲೈನಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. ಮನೆ ಮನೆಗೆ ಹೋಗಿ ಜ್ವರ ಕೇಳಿದವರು ಅವರೇ. ಹೂವು ಬಾಡಿಹೋಗುತ್ತೆ, ಸಂಬಳ ಬಾಡಲ್ಲ ಅಂತ ನಮ್ಮ ಹೆಡ್ ಸಿಸ್ಟರ್ ಹೇಳುತ್ತಿದ್ದರು.

ಮನಸ್ಸಿನ ಆರೋಗ್ಯಕ್ಕೆ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಧ್ಯಾನದ ವೆಬಿನಾರ್‌ಗಳು ನಡೆದವು. 2022ರ ಅಕ್ಟೋಬರ್ 10ರಿಂದ ಟೆಲಿ ಮನಸ್ ಸಹಾಯವಾಣಿ ಇದೆ, 14416. ಇದನ್ನು ಓದುತ್ತಿರುವ ಡಾಕ್ಟರೋ ಸಿಸ್ಟರೋ ಬತ್ತಿ ಉರಿಯುವ ಹಂತದಲ್ಲಿದ್ದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ, ನಾಚಿಕೆ ಬೇಡ. ಆದರೆ ಸಚಿವರೇ, ಮೂವತ್ತಾರು ಗಂಟೆ ನಿಂತು ಬಂದವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವುದರಲ್ಲಿ ಒಂದು ಮೋಸ ಇದೆ. ತಪ್ಪು ನಿನ್ನ ಉಸಿರಿನದು ಅಂತ ಹೇಳಿದ ಹಾಗೆ ಆಗುತ್ತದೆ.

ಮೂವತ್ತಾರು ಗಂಟೆ ಅಂದೆ. ರೆಸಿಡೆಂಟ್ ವೈದ್ಯರಿಗೆ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ತರಬೇತಿ ಪಡೆಯುವವರಿಗೆ, ಒಂದೇ ಸಲಕ್ಕೆ ಸಾಮಾನ್ಯವಾಗಿ 12 ಗಂಟೆಗಿಂತ ಜಾಸ್ತಿ ಡ್ಯೂಟಿ ಇರಬಾರದು, ವಾರಕ್ಕೆ 48 ಗಂಟೆ ಅಂತ ಕೇಂದ್ರದ 1992ರ ನಿಯಮವೇ ಇದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಅಂತ ಶಿಫಾರಸು ಮಾಡಿತು. ಎರಡು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. 32 ವರ್ಷದಲ್ಲಿ ನಾವು ಕೇಳುವುದೇ ಕಡಿಮೆಯಾಗಿದೆ. ಕಾಗದದ ಮೇಲೆ ಯಾವ ಅಂಕಿ ಇದ್ದರೂ ಅದನ್ನು ನಿಜ ಮಾಡುವುದು ಡ್ಯೂಟಿ ಲಿಸ್ಟ್ ಬರೆಯುವ ಆ ಒಬ್ಬರು.

ಇಲ್ಲಿ ಸರ್ ಪರವಾಗಿಯೂ ಎರಡು ಮಾತು ಹೇಳಬೇಕು. ಅವರು ಇಪ್ಪತ್ತೈದು ವರ್ಷ ಹರ್ನಿಯಾ, ಅಪೆಂಡಿಕ್ಸ್ ಮಾಡಿದ ಸರ್ಜನ್. ಸೇವಾ ಹಿರಿತನ ಬಂತು, ಕುರ್ಚಿ ಕೊಟ್ಟರು. ನೂರೈವತ್ತು ಜನರನ್ನು ನಡೆಸುವುದು ಹೇಗೆ ಅಂತ ಒಂದು ದಿನದ ತರಬೇತಿಯೂ ಇಲ್ಲ. ಡ್ಯೂಟಿ ಲಿಸ್ಟ್ ಮಾಡುವುದನ್ನು ಅವರಿಗೆ ಯಾರು ಕಲಿಸಿದ್ದರು? ಒಬ್ಬ ನರ್ಸನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳಲು ಅವರಿಗೆ ಅಧಿಕಾರ ಇರಲಿಲ್ಲ. ಆಸ್ಪತ್ರೆ ಮಟ್ಟದಲ್ಲೇ ಇರುವ ಆರೋಗ್ಯ ರಕ್ಷಾ ಸಮಿತಿಯ ಹಣ ಖರ್ಚು ಮಾಡಿದರೆ ಮುಂದೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೇನೆ ಅನ್ನುವ ಭಯ. ದಿನಕ್ಕೆ ಮೂರು ವೀಡಿಯೊ ಕಾನ್ಫರೆನ್ಸ್. ಅದರಲ್ಲಿ ಜಿಲ್ಲೆಯ ಎಲ್ಲರ ಎದುರು, ಕೆಲವೊಮ್ಮೆ ತಮಗಿಂತ ಇಪ್ಪತ್ತು ವರ್ಷ ಚಿಕ್ಕವರಿಂದ, ಏಕವಚನದಲ್ಲಿ ಬೈಸಿಕೊಳ್ಳುತ್ತಿದ್ದರು. ಮೇಲಿಂದ ಬಂದದ್ದನ್ನು ತಡೆಯುವ ಶಕ್ತಿ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಮೇಡಂ ತಡೆದರು ಅಂದರೆ ಅದು ಅವರ ಸ್ವಭಾವ, ಅವರ ಪಣ. ಆರೋಗ್ಯ ವ್ಯವಸ್ಥೆ ಒಬ್ಬರ ಸ್ವಭಾವದ ಮೇಲೆ ನಿಲ್ಲಬಾರದು ಅಲ್ವಾ?

ಆದ್ದರಿಂದ ನನ್ನ ಕೋರಿಕೆ ನಮ್ಮ ಮುಖ್ಯಸ್ಥರ ಬಗ್ಗೆ, ಆದರೆ ಅದು ನಿಮ್ಮ ಮೇಜಿನಿಂದಲೇ ಶುರುವಾಗಬೇಕು.

ವೀಡಿಯೊ ಕಾನ್ಫರೆನ್ಸಿನಲ್ಲಿ ಆಸ್ಪತ್ರೆಯ ಮುಖ್ಯಸ್ಥರನ್ನು ಕೆಳಗಿನವರ ಎದುರು ಬೈಯುವುದನ್ನು ನಿಲ್ಲಿಸಿ. ಇದಕ್ಕೆ ಹಣ ಬೇಡ, ಹುದ್ದೆ ಮಂಜೂರಾತಿ ಬೇಡ, ಆರ್ಥಿಕ ಇಲಾಖೆಯ ಒಪ್ಪಿಗೆ ಬೇಡ. ಒಂದು ಸುತ್ತೋಲೆ ಸಾಕು, ಅದನ್ನು ನೀವೂ ಪಾಲಿಸಬೇಕು ಅಷ್ಟೇ. ಸಾಂಕ್ರಾಮಿಕದ ಹೊತ್ತಿನಲ್ಲಿ ಟಾರ್ಗೆಟ್ ಆಗದ್ದಕ್ಕೆ ನೋಟಿಸ್ ಕೊಡುವ ಮುಂಚೆ, ಯಾಕೆ ಆಗಲಿಲ್ಲ ಅಂತ ಒಂದು ಸಲ ಬಾಯಿಮಾತಿನಲ್ಲಿ ಕೇಳುವುದನ್ನು ಕಡ್ಡಾಯ ಮಾಡಿ. ಆದೇಶಗಳು ದಿನಕ್ಕೆ ಒಂದೇ ಸಲ, ಒಂದೇ ಕಡೆಯಿಂದ ಬರಲಿ.

ಕುರ್ಚಿ ಕೊಡುವ ಮುಂಚೆ ತರಬೇತಿ ಕೊಡಿ. ಡ್ಯೂಟಿ ಲಿಸ್ಟ್, ಕೆಟ್ಟ ಸುದ್ದಿ ಹೇಳುವುದು, ಬೆಡ್ ಹಂಚಿಕೆಯಂಥ ತೀರ್ಮಾನಗಳಿಗೆ ತಂಡ ಕಟ್ಟುವುದು, ಬಳಲಿದವರನ್ನು ಗುರುತಿಸುವುದು. ತುರ್ತಿನಲ್ಲಿ ಜನ ತೆಗೆದುಕೊಳ್ಳಲು, ಊಟ ತಿಂಡಿಗೆ, ವಾಹನಕ್ಕೆ ಖರ್ಚು ಮಾಡಲು ಮಿತಿಯೊಂದನ್ನು ಹಾಕಿ ಅಧಿಕಾರ ಕೊಡಿ. ಆಮೇಲೆ ವರ್ಷಕ್ಕೊಮ್ಮೆ, ಅವರ ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವ ಹೊತ್ತಿಗೆ, ಕೆಳಗೆ ಕೆಲಸ ಮಾಡುವವರನ್ನೂ ಕೇಳಿ. ಹೆಸರು ಬರೆಯದೆ, ಹತ್ತು ಹನ್ನೆರಡು ಪ್ರಶ್ನೆ. ಈಗ ಆ ವರದಿ ಮೇಲಿನವರು ಮಾತ್ರ ಬರೆಯುತ್ತಾರೆ. ಮೇಲಿನವರಿಗೆ ಎಷ್ಟು ಬೇಗ ‘ಆಯ್ತು ಸರ್’ ಅಂದರು ಅನ್ನುವುದು ಮಾತ್ರ ಅದರಲ್ಲಿ ಕಾಣುತ್ತದೆ.

ಹಲ್ಲೆಯ ವಿಷಯವನ್ನೂ ಸೇರಿಸುತ್ತೇನೆ. ವೈದ್ಯರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾನೂನು ಇದೆ. ಆದರೆ ಏಟು ತಿಂದ ಡಾಕ್ಟರೇ ಸ್ಟೇಷನ್‌ಗೆ ಹೋಗಿ ಕೂತು ದೂರು ಬರೆದುಕೊಟ್ಟು, ಮುಂದೆ ಕೋರ್ಟಿಗೂ ಒಬ್ಬರೇ ಅಲೆಯಬೇಕಾದರೆ ಯಾರು ಹೋಗುತ್ತಾರೆ? ಕೋಲ್ಕತ್ತದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆಯ ನಂತರ, 2024ರ ಆಗಸ್ಟ್‌ನಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯ ಒಂದು ಆದೇಶ ಹೊರಡಿಸಿತು: ಹಲ್ಲೆ ನಡೆದ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಸಂಸ್ಥೆಯ ಹೆಸರಲ್ಲಿ ಎಫ್‌ಐಆರ್ ದಾಖಲಿಸಬೇಕು. ಇಲ್ಲಿಯ ತನಕ ನಾನು ಹೇಳುತ್ತಾ ಬಂದದ್ದೂ ಅದನ್ನೇ. ಮುಂದೆ ನಿಲ್ಲಬೇಕಾದವರು ಮುಖ್ಯಸ್ಥರು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಇದು ನಡೆಯುವಂತೆ ನೋಡಿಕೊಳ್ಳಿ.

ಮುಂದಿನ ಸಾಂಕ್ರಾಮಿಕ ಯಾವಾಗ ಬರುತ್ತೋ ಗೊತ್ತಿಲ್ಲ. ಆಕ್ಸಿಜನ್ ಪ್ಲಾಂಟ್ ಹಾಕಿದ್ದೀರಿ, ವೆಂಟಿಲೇಟರ್ ಕೊಟ್ಟಿದ್ದೀರಿ, ಅದಕ್ಕೆ ನಿಜಕ್ಕೂ ಧನ್ಯವಾದ. ಯಂತ್ರ ನಡೆಸುವವರು ಉಳಿಯಬೇಕಲ್ಲ, ಅಷ್ಟೇ ನನ್ನ ಯೋಚನೆ. ನೋಟಿಸ್ ಬಂದ ಆ ಗುತ್ತಿಗೆ ವೈದ್ಯೆ ಈಗ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕ್ಲೇಮ್ ನೋಡುತ್ತಾಳೆ. ನೆಮ್ಮದಿಯಾಗಿದ್ದೀನಿ ಅಕ್ಕ ಅಂತಾಳೆ. ಅವಳು ಹಳ್ಳಿಗಳಲ್ಲಿ ನೋಡುತ್ತಿದ್ದ ಜನರಿಗೆ ಬದಲಿ ಡಾಕ್ಟರು ಬರಲು ಹದಿನಾಲ್ಕು ತಿಂಗಳು ಹಿಡಿಯಿತು.

ಮೇಡಂ 2022ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡರು. ಸೇವೆ ಇನ್ನೂ ನಾಲ್ಕು ವರ್ಷ ಇತ್ತು. ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನಾನು ಅವರನ್ನು ಕಾರಿನ ತನಕ ಬಿಡಲು ಹೋದೆ. ‘ನಿಮಗೆಲ್ಲ ನನ್ನ ನಂಬರ್ ಇತ್ತು. ನಾನು ಯಾರಿಗೆ ಫೋನ್ ಮಾಡ್ಬೇಕಿತ್ತು ಹೇಳು’ ಅಂದರು. ಬೈದ ಹಾಗೇ ಅಂದರು, ಅವರ ಧಾಟಿಯೇ ಅದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಅಲೆ ದಾಟಿಸಿದ ಒಬ್ಬ ಮುಖ್ಯಸ್ಥೆ ನಾಲ್ಕು ವರ್ಷ ಮುಂಚೆಯೇ ಯಾಕೆ ಹೊರಟರು ಅಂತ ಇಲಾಖೆಯಿಂದ ಯಾರೂ ಕೇಳಲಿಲ್ಲವಂತೆ.

ತಡವಾಗಿದೆ, ಆದರೂ ಯಾರಾದರೂ ಒಮ್ಮೆ ಅವರಿಗೆ ಫೋನ್ ಮಾಡಿ ಕೇಳಲಿ. ನಂಬರ್ ನಮ್ಮ ಡ್ಯೂಟಿ ರೂಮಿನ ಗೋಡೆಯ ಮೇಲೆ ಇದೆ. ಮುಂದಿನ ತಿಂಗಳು ಸುಣ್ಣ ಹೊಡೆಸುತ್ತಾರಂತೆ, ಅಷ್ಟರೊಳಗೆ ಕೇಳಿದರೆ ಒಳ್ಳೆಯದು.

ಇಂತಿ,
ಸರ್ಕಾರಿ ಆಸ್ಪತ್ರೆಯ ಒಬ್ಬ ಅರಿವಳಿಕೆ ತಜ್ಞೆ